ಒಂದೇ ದಿನ ಬದುಕಿದ ವಿಳಾಸ

ಫೋನ್ ಎತ್ತಿದ ಕೂಡಲೇ ಗಿರಿಜಕ್ಕ ಕೂಗಿದರು. “ಹ್ವಾಯ್, ಚುಕ್ಕಿ ನಿತ್ಕಂಡಿತ್! ನಿಮ್ ಪೆಟ್ಗಿಯೇ ಹಾಳಾದ್ದ್ ಅಲ್ದಾ? ಹೌದ್ ಅಂದೇಳಿ ಮಾರ್ರೆ!”

ಚುಕ್ಕಿ ಎಂದರೆ ಅವರ ಗಂಡನ ಬೋಟು; ಅಂದು ಕಡಲಲ್ಲಿದ್ದದ್ದು ಅದೊಂದೇ. ಬೈಂದೂರಿನ ಕಡಲಬದಿಯಲ್ಲಿ ಗಿರಿಜಕ್ಕನಂತೆ ಮೀನು ಮಾರುವ ಹೆಂಗಸರ ಶೆಡ್ ಇದೆ. ಅದರ ಗೋಡೆಗೆ ನಾನೇ ಒಂದು ಪರದೆ, ಪರದೆಯ ಹಿಂದೆ ಅಂಗೈಯಗಲದ ಕಂಪ್ಯೂಟರ್ ಪೆಟ್ಟಿಗೆ ಕೂರಿಸಿದ್ದೆ. ಹೊರಗೆ ಹೋದ ಬೋಟುಗಳು ಎಲ್ಲಿವೆ ಎಂದು ಚುಕ್ಕಿಗಳಲ್ಲಿ ತೋರಿಸುತ್ತದೆ. (ಸಂಬಳಕ್ಕಲ್ಲ, ಹುಚ್ಚಿಗೆ.)

ನಾನು ಏನು ಹೇಳಿದೆ? “ಪೆಟ್ಟಿಗೆಗೆ ಏನೂ ಆಗಿರಲಿಕ್ಕಿಲ್ಲ.” ಎಂಥ ಜಂಬ!

ಅಂದು ಗಾಳಿ ಜೋರಿತ್ತು. ಇತ್ತೇ? ಇತ್ತೆಂದು ಈಗ ಎಲ್ಲರೂ ಹೇಳುತ್ತಾರೆ. ನಾನೂ.

ನಾನಿರುವ ತಲ್ಲೂರಿನಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಬೋಟು ದಡ ಸೇರಿತ್ತು. ಅದಕ್ಕೇನೂ ಆಗಿರಲಿಲ್ಲ. ಸತ್ತದ್ದು ನನ್ನ ಪೆಟ್ಟಿಗೆಯ ನೆಟ್‌ವರ್ಕ್. ಗಿರಿಜಕ್ಕ ನನ್ನ ಮುಖ ನೋಡಲಿಲ್ಲ. ಬಂಗುಡೆ ಹೆಚ್ಚುತ್ತಲೇ ಇದ್ದರು.

“ಇನ್ವರ್ಟರ್ ಹಾಕಿದ್ದೇ ಹಾಕಿದ್ದ್, ಹಾಳಾಯ್ತ್” ಎಂದರು ಪಕ್ಕದವರು. ಶೆಡ್ಡಿಗೆ ಶೆಡ್ಡೇ ಹೌದೆಂದಿತು. ನನಗೂ ಹಾಗೇ ನೆನಪು. ಕರೆಂಟ್ ಹೋದರೂ ಪೆಟ್ಟಿಗೆ ನಿಲ್ಲಬಾರದೆಂದು ನಾನೇ ತಂದಿಟ್ಟಿದ್ದ ಆ ಪುಟ್ಟ ಇನ್ವರ್ಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬ್ರಹ್ಮಾವರದ ಅಂಗಡಿಗೆ ಹೋದೆ. ಅಂಗಡಿಯವರು ಪರೀಕ್ಷಿಸಿ, “ಇದಕ್ಕೆ ಎಂತ ಆಯ್ಲಿಲ್ಲ. ನಿಮ್ಗೇ ಎಂತದೋ ಆಯ್ತ್” ಎಂದು ವಾಪಸ್ ಕೊಟ್ಟರು.

ಆಮೇಲೆ ಪೆಟ್ಟಿಗೆಯ ಲಾಗ್, ಅಂದರೆ ಅದು ತಾನೇ ಬರೆದಿಡುವ ದಿನಚರಿ, ತೆರೆದೆ. ನಿಂತದ್ದು ಇನ್ವರ್ಟರ್ ಹಾಕಿದ ಕೂಡಲೇ ಅಲ್ಲ. ಸರಿಯಾಗಿ ಒಂದು ದಿನದ ನಂತರ. ಸೆಕೆಂಡ್ ಕೂಡ ತಪ್ಪಿಲ್ಲ! ಹಾಗಾದರೆ ನಡುವಿನ ಆ ಒಂದು ದಿನ ಎಲ್ಲಿ ಹೋಯಿತು? ಇಡೀ ಶೆಡ್ಡು ಸೇರಿ ಅದನ್ನು ನುಂಗಿತ್ತು. ಕತೆ ಚೆಂದವಾಗಬೇಕಲ್ಲ.

ವಿಷಯ ಇಷ್ಟೇ. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸ, ಆ ವಿಳಾಸಕ್ಕೆ ಒಂದು ಆಯಸ್ಸು. ನಾನು ಕೈಯಾರೆ ಕೊಟ್ಟದ್ದು ಒಂದು ದಿನ. ಗಂಟೆಗೊಮ್ಮೆ ಆಯಸ್ಸನ್ನು ಹೊಸದು ಮಾಡುವ ವ್ಯವಸ್ಥೆಯೂ ಇತ್ತು. ಆದರೆ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು, ‘ಇನ್ನೂ ಒಂದು ದಿನ’ ಎಂದು ಬರೆದುಕೊಂಡರೂ ಎಣಿಕೆಯನ್ನು ಮಾತ್ರ ವಿಳಾಸ ಹುಟ್ಟಿದ ಗಳಿಗೆಯಿಂದಲೇ ಮಾಡುತ್ತಿತ್ತು. (ಹೀಗೆ ಕೈಯಾರೆ ಮಾಡುವವರು ಕಡಿಮೆ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.)

ಮೊದಲು ಏಕೆ ನಿಲ್ಲುತ್ತಿರಲಿಲ್ಲ? ನಮ್ಮಲ್ಲಿ ಹೆಚ್ಚುಕಡಿಮೆ ದಿನಕ್ಕೊಮ್ಮೆ ಕರೆಂಟ್ ಹೋಗುತ್ತದೆ. ಹೋಗದಿದ್ದರೂ ಗಿರಿಜಕ್ಕ ಬೆಳಿಗ್ಗೆ ಬಂದವರೇ ಪ್ಲಗ್ ಕಿತ್ತು ಮತ್ತೆ ಹಾಕುತ್ತಿದ್ದರು. “ಅದ್ಕೂ ಒಂದ್ ಉಸ್ರ್ ಬೇಕಲ್ದಾ?” ಪೆಟ್ಟಿಗೆ, ಅದರೊಂದಿಗೆ ಅದರ ವಿಳಾಸವೂ, ಪ್ರತಿದಿನ ಹೊಸದಾಗಿ ಹುಟ್ಟುತ್ತಿತ್ತು. ಇನ್ವರ್ಟರ್ ತಂದು, ‘ಪ್ಲಗ್ ಮುಟ್ಟಬೇಡಿ’ ಎಂದು ಗದರಿದವನು ನಾನು!

ಒಂದು ಸಾಲಿನ ತಿದ್ದುಪಡಿ. ಕರ್ನೆಲ್ ನೋಡಿಕೊಳ್ಳುವವರ ಮೇಲಿಂಗ್ ಲಿಸ್ಟಿಗೆ ಕಳಿಸಿದೆ. ಜೊತೆಗೆ ವಿವರಣೆ: ಕಡಲು, ಗಾಳಿ, ಶೆಡ್ಡು, ಇನ್ವರ್ಟರ್. ಯಾವುದೋ ದೇಶದಿಂದ ಉತ್ತರ ಬಂತು. ಇವೆಲ್ಲ ಬೇಡ, ತಪ್ಪು ಮತ್ತೆ ಆಗುವಂತೆ ಮಾಡಿ ತೋರಿಸಿ.

ಸಿಟ್ಟು ಬಂತು. ಆಮೇಲೆ ಒಂದೊಂದೇ ಅಳಿಸಿದೆ. ಗಾಳಿ ಹೋಯಿತು, ಕಡಲು ಹೋಯಿತು. ಆಯಸ್ಸನ್ನು ಒಂದು ನಿಮಿಷಕ್ಕಿಳಿಸಿ, ನಡುವೆ ಹೊಸದು ಮಾಡಿ, ಕಾದೆ. ನಿಮಿಷ ತುಂಬಿದ್ದೇ ವಿಳಾಸ ಮಾಯ. ನೆನಪಿನ ಹಂಗಿಲ್ಲದ ಸತ್ಯ ನನ್ನ ಬದುಕಿನಲ್ಲಿ ಅದೊಂದೇ ಇರಬೇಕು. ತಿದ್ದುಪಡಿ ಒಪ್ಪಿಗೆಯಾಯಿತು.

ಮೊನ್ನೆ ಬೈಂದೂರಿಗೆ ಹೋಗಿ ಹೊಸ ಕರ್ನೆಲ್ ಹಾಕಿದೆ. ಬೋಟುಗಳು ಹೊರಗಿದ್ದವು. ಪರದೆಯಲ್ಲಿ ಚುಕ್ಕಿಗಳು ನಿಧಾನ ಸರಿಯುತ್ತಿದ್ದವು.

“ಗಿರಿಜಕ್ಕ, ತಪ್ಪು ನನ್ನದೇ. ಈಗ ಸರಿಯಾಯಿತು. ಇನ್ನು ಪೆಟ್ಟಿಗೆ ನಿಲ್ಲುವುದಿಲ್ಲ.”

ಅವರು ಕತ್ತಿ ಕೆಳಗಿಟ್ಟರು. ಅಂದಿನ ನಂತರ ಮೊದಲ ಸಲ ನನ್ನ ಮುಖ ನೋಡಿದರು.

“ಹಾಂಗಾರೆ ಇನ್ಮೇಲೆ ಚುಕ್ಕಿ ನಿತ್ರೆ, ಅದ್ ಬೋಟೇ ನಿತ್ತದ್ದಾ?”