ಉಂಗುರದ ಬೆರಳಿನ ಅರ್ಧ

ಆ ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ಸಾರಿಸಿ, ರಂಗೋಲಿಗೆ ಕೂತೆ. ಚಾಮರಾಜಪೇಟೆಯ ನಮ್ಮ ಬೀದಿಗೆ ಹಾಲಿನವನ ಸೈಕಲ್ಲು ಇನ್ನೂ ಬಂದಿರಲಿಲ್ಲ. ಎಳೆ ಬಿಟ್ಟರೆ ಒಂದು ಕಡೆ ಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಏನೂ ಇಲ್ಲ. ಬೆರಳುಗಳ ನಡುವೆ ಪುಡಿ ಇದೆಯೋ ಉದುರಿಹೋಯಿತೋ ಎಂಬುದನ್ನು ಕಣ್ಣಿನಿಂದ ನೋಡಿಯೇ ತಿಳಿಯಬೇಕಾಗಿತ್ತು. ಕೆಲವು ತಿಂಗಳಿಂದ ಬಲಗೈಗೆ ಜೋಮು ಹಿಡಿದದ್ದು ಬಿಟ್ಟೇ ಇರಲಿಲ್ಲ.

ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿದರು. "ಕಾನ್ವೆಂಟಲ್ಲಿ ಇದನ್ನ ಹೇಳ್ಕೊಡ್ಲಿಲ್ವೇನೋ ಪಾಪ. ವಾಯು ಕಣೇ ಅದು. ಓಮದ ಕಷಾಯ ಕುಡಿ."

ನಮ್ಮ ಮನೆಯಲ್ಲಿ ಹೆಂಗಸರಿಗೆ ಸೊಂಟ ಹಿಡಿದರೂ ವಾಯು, ತಲೆ ಸಿಡಿದರೂ ವಾಯು. ಗಂಡಸರ ಕಾಯಿಲೆಗೆ ಮಾತ್ರ ಬಿ.ಪಿ., ಅಲ್ಸರ್ ಎಂದು ಹೆಸರಿರುತ್ತಿತ್ತು.

ಆಮೇಲೆ ಮಗುವಿನ ಸ್ನಾನ. ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಬಲಗೈ ಬೆರಳ ತುದಿ ಅದ್ದಿದೆ. ಹದವಾಗಿದೆ ಅನ್ನಿಸಿತು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಚೊಂಬು ಎತ್ತಿದಾಗ ಒಂದು ಹನಿ ಎಡ ಮೊಣಕೈಗೆ ಸಿಡಿದು ಚುರ್ ಎಂದಿತು. ಚೊಂಬು ಕೆಳಗಿಟ್ಟೆ. ಮಗು ನನ್ನ ಮುಖ ನೋಡಿ ನಗುತ್ತಿತ್ತು. ಮಗುವನ್ನೆತ್ತಿಕೊಂಡು ಹಾಗೇ ಎದ್ದು ಹೋಗಿ, "ಇವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ" ಎಂದು ಯಜಮಾನರಿಗೆ ಹೇಳಿದೆ. ಗೊಣಗುತ್ತಲೇ ಅರ್ಧ ದಿನ ರಜೆ ಹಾಕಿದರು.

ಡಾಕ್ಟರು ನನ್ನ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಒಂದೊಂದೇ ಬೆರಳು ಸವರಿದರು. ಕಿರುಬೆರಳಿಗೆ ಗೊತ್ತಾಯಿತು. ಉಂಗುರದ ಬೆರಳಿನಲ್ಲಿ ಕಿರುಬೆರಳ ಕಡೆಯ ಅರ್ಧಕ್ಕೆ ಗೊತ್ತಾಯಿತು, ಇನ್ನರ್ಧಕ್ಕೆ ಇಲ್ಲ. ಉಳಿದ ಮೂರು ಬೆರಳಿಗೂ ಇಲ್ಲ. ಅವರು ಯಜಮಾನರ ಕಡೆ ತಿರುಗಿ ಇಂಗ್ಲಿಷಿನಲ್ಲಿ ವಿವರಿಸತೊಡಗಿದರು. ಚರ್ಮದಡಿ ಸ್ಪರ್ಶ ಹಿಡಿಯುವ ತುದಿಗಳಿವೆ. ಅಲ್ಲಿಂದ ಕೂದಲಿಗಿಂತ ಸಣ್ಣ ಎಳೆ, ಒಂದೇ ನರಕೋಶದ್ದು, ತೋಳುದ್ದ ಹಾದು ಬೆನ್ನುಹುರಿಯವರೆಗೂ ಹೋಗುತ್ತದೆ. ಮುಟ್ಟಿದ್ದು ಪುಟ್ಟ ವಿದ್ಯುತ್ತಿನ ಅಲೆಯಾಗಿ ಅದರಲ್ಲಿ ಓಡಿದರೆ ಮಿದುಳಿಗೆ ಸುದ್ದಿ. ಇಂಥ ಎಳೆಗಳ ಕಟ್ಟೊಂದು ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಒತ್ತಿಹೋಗಿದೆ. ರುಬ್ಬುವುದು, ಬಟ್ಟೆ ಹಿಂಡುವುದು ಕೂಡದು. ಹೀಗೇ ಬಿಟ್ಟರೆ ಎಳೆಗಳು ಸಾಯುತ್ತವೆ, ಆಮೇಲೆ ಸ್ಪರ್ಶ ಮರಳುವುದು ಅನುಮಾನ.

ಕೈ ನನ್ನದು. ಅದು ಯಜಮಾನರು ರಿಪೇರಿಗೆ ತಂದ ಕೊಡೆ ಎಂಬಂತೆ ಇಬ್ಬರೂ ಮಾತಾಡುತ್ತಿದ್ದರು. "ಎಷ್ಟು ದಿನ ಬೇಕಾಗುತ್ತೆ?" ಎಂದು ನಾನೂ ಇಂಗ್ಲಿಷಿನಲ್ಲೇ ಕೇಳಿದೆ. ಡಾಕ್ಟರು ಬೆಚ್ಚಿ ನನ್ನನ್ನು ನೋಡಿ, "ಎರಡು ಮೂರು ತಿಂಗಳು" ಎಂಬ ಉತ್ತರವನ್ನು ಯಜಮಾನರಿಗೆ ಕೊಟ್ಟರು. ಮಣಿಕಟ್ಟಿಗೆ ಪಟ್ಟಿ ಕಟ್ಟಿ ಕಳಿಸಿದರು.

ಮನೆ ಮುಟ್ಟುತ್ತಲೇ ಅತ್ತೆ ಕೇಳಿದರು. "ಏನಂದ್ರೋ?"

ಯಜಮಾನರು ಬಗ್ಗಿ ಶೂ ಬಿಚ್ಚುತ್ತಾ, "ಏನಿಲ್ಲಮ್ಮ. ವಾಯೂನೇ ಅಂತೆ" ಎಂದರು.

ಒಳಮನೆಗೆ ಬಂದಾಗ ಕೇಳಿದೆ. "ಯಾಕೆ ಹಾಗಂದ್ರಿ?"

"ಮತ್ತೆ? ಈ ವಯಸ್ಸಲ್ಲಿ ಅಮ್ಮನ ಕೈಲಿ ರುಬ್ಬಿಸಕ್ಕಾಗತ್ತಾ? ಸ್ವಲ್ಪ ಅಡ್ಜಸ್ಟ್ ಮಾಡ್ಕೊ."

"ಹಾಗಾದ್ರೆ ನೀವು ರುಬ್ಬಿ."

ಅವರು ನಕ್ಕರು. ಒಳ್ಳೆಯ ಜೋಕು ಕೇಳಿದವರ ಹಾಗೆ, ಮನಸಾರೆ.

ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಸುಳ್ಳು ಹೇಳಿದ್ದಕ್ಕಿಂತ ಹೆಚ್ಚಾಗಿ ಅದಕ್ಕೆ. ಬೆಳಿಗ್ಗೆ ಆ ಚೊಂಬಿನಿಂದ ಬೆಂದುಹೋಗಬಹುದಾಗಿದ್ದ ಮಗು ಅವರದೂ ಹೌದು. ಕಾನ್ವೆಂಟಿನಲ್ಲಿ ದನಿ ಏರಿಸಬಾರದೆಂದು ನಮಗೆ ಕಲಿಸಿದ್ದರು. ಏರಿಸಲಿಲ್ಲ. ಅಡಿಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. "ವಾಯು ಅಲ್ಲಮ್ಮ, ನರ ಒತ್ತಿಹೋಗಿದೆ. ರುಬ್ಬಬಾರದು ಅಂದ್ರು ಡಾಕ್ಟ್ರು. ನಾನೇ ಕೇಳಿಸ್ಕೊಂಡೆ. ಇವತ್ತಿಂದ ನಾನು ರುಬ್ಬಲ್ಲ."

ಅತ್ತೆ ಮಗನ ಕಡೆ ನೋಡಿದರು. ಮಗ ಪೇಪರ್ ಬಿಡಿಸಿ ಮುಖಕ್ಕೆ ಹಿಡಿದರು. ನೆನೆಸಿದ ಉದ್ದಿನಬೇಳೆ ಒರಳಿನ ಪಕ್ಕದಲ್ಲಿ ಹಾಗೇ ಇತ್ತು. ಯಾರೂ ಅದನ್ನು ಮುಟ್ಟಲಿಲ್ಲ. ನಾನು ಮಗುವನ್ನು ಎಡಗೈಯಲ್ಲಿ ಎತ್ತಿಕೊಂಡು ಹೊರಗೆ ಬಂದು ಕಾಂಪೌಂಡಿನ ಬಳಿ ನಿಂತೆ.

ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತಿದ್ದವರು ನನ್ನ ಕೈಪಟ್ಟಿ ನೋಡಿ ವಿಚಾರಿಸಿದರು. ಹೇಳಿದೆ.

"ಅಯ್ಯೋ, ನಮ್ಮನೆಯವ್ರಿಗೂ ಇದೇ ಆಗಿತ್ತು ಕಣ್ರೀ, ಟೈಪ್ ಮಾಡಿ ಮಾಡಿ" ಎಂದರು, ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕುತ್ತಾ. "ಆಫೀಸಲ್ಲಿ ಲೀವ್ ಸ್ಯಾಂಕ್ಷನ್ ಮಾಡ್ಸೋಷ್ಟ್ರಲ್ಲಿ ಸಾಕಾಗ್ಹೋಯ್ತು. ನಿಮಗೆ ಆ ತಾಪತ್ರಯ ಇಲ್ಲ ಬಿಡಿ. ಹೇಗೂ ಮನೇಲೇ ಇರ್ತೀರಲ್ಲ."