ಮೂಡ್ಲಕ್ಕೆ ಮುಖ ಮಾಡ್ಕೊಂಡು ನಿಂತ್ಕೊ

ನಮ್ಮ ಸೋದರಮಾವನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಬುಡದವರೆಗೆ ನೇರಳೆ. ಪಾಂಡವಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ತಮ್ಮ ಅಂಗಡಿಯಲ್ಲಿ ಮೂವತ್ತು ವರ್ಷ ಕೂತು ಜಮೀನಿನ ಪತ್ರ ಬರೆದು, ಓದು ಬಾರದವರ ಹೆಬ್ಬೆಟ್ಟು ಹಿಡಿದು ಒತ್ತಿಸಿ ಒತ್ತಿಸಿ ಅಂಟಿದ ಬಣ್ಣ. ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಅದೇ ಬೆರಳಲ್ಲಿ ಮುದ್ದೆ ಮುರಿದು ನುಂಗುತ್ತಿದ್ದರು. ನೋಡಿದರೆ ನನಗೆ ಅಸಹ್ಯ. ಆರು ತಿಂಗಳ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ದೊಡ್ಡ ಮನುಷ್ಯ ನಾನು.

ಮಾವನಿಗೂ ಯಾರನ್ನೂ ಕಂಡರಾಗುತ್ತಿರಲಿಲ್ಲ. ಕೆಳತುಟಿ ಮುಂದೆ ಬಂತೆಂದರೆ ಎದುರಿಗಿದ್ದವನ ಕತೆ ಮುಗಿಯಿತು. ಶ್ರೀರಂಗಪಟ್ಟಣದ ವಕೀಲರೊಬ್ಬರು ಕಳಿಸಿದ ಇಂಗ್ಲಿಷ್ ಕರಡನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಎಲ್ಲಾ ಚೆಂದಾಗದೆ. ಇದ್ರಾಗೆ ಜಮೀನು ಎಲ್ಲದೆ?" ಎಂದಿದ್ದರು.

ಅವರದೊಂದು ಪದ್ಧತಿಯಿತ್ತು. ಸಹಿ ಹಾಕುವ ಮೊದಲು ಪತ್ರ ಮಾಡಿಸುವವರನ್ನು ಅಂಗಡಿಯ ಹೊರಗೆ ನಿಲ್ಲಿಸಿ, "ಮೂಡ್ಲಕ್ಕೆ ಮುಖ ಮಾಡ್ಕೊಂಡು ಯೋಳು" ಎನ್ನುವರು. ಅವರು ಹೊಲದ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬಾಯಲ್ಲೇ ಹೇಳಬೇಕು, ಮಾವ ಪತ್ರದ ಮೇಲೆ ಬೆರಳಿಟ್ಟುಕೊಂಡು ಹೋಗುವರು. ಪಟೇಲನಾದರೂ ಬಿಡುತ್ತಿರಲಿಲ್ಲ. ನಾನು ಇದನ್ನು ಸ್ಕೂಲಿನ ಡ್ರಿಲ್ಲು ಎಂದು ಗೆಳೆಯರ ಮುಂದೆ ಆಡಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವರ ಟೈಪ್‌ರೈಟರು ಕೈಕೊಟ್ಟಿತು. ಅಕ್ಷರದ ಕಡ್ಡಿ ಮುರಿದರೆ ಸರಿಮಾಡುವವರು ಸಿಗಲಿಲ್ಲ. ಕರೆಂಟು ಹೋದರೂ ಸ್ವಲ್ಪ ಹೊತ್ತು ಓಡುತ್ತದೆ ಎಂದು, ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪೊಂದನ್ನು ನಾನೇ ನೋಡಿದೆ. ಅಂಗಡಿಯವನು ಡಾಸ್ ಸಾಕೋ, ವಿಂಡೋಸ್ ಹಾಕಲೋ ಎಂದು ಕೇಳಿದ. ಡಾಸ್ ಎಂದರೆ ಕಪ್ಪು ಪರದೆ, ಒಂದು ಸಲಕ್ಕೆ ಒಂದೇ ಕಾಗದ. ವಿಂಡೋಸ್ ಎಂದರೆ ಬಣ್ಣ, ಮೌಸು, ನಾಲ್ಕು ಕಾಗದ ಒಟ್ಟಿಗೆ ತೆರೆದುಕೊಳ್ಳುವ ವೈಭವ. ಊರಿಗೆ ಬಂದು ಮಾವನಿಗೆ ಎರಡನ್ನೂ ವಿವರಿಸಿದೆ.

"ನಂಗೆ ಒಂದೇ ಕಾಗ್ದ ಕಾಣ್ಸೋದೇ ಸಾಕು ಕಣ್ಲಾ," ಅಂದರು. "ಎರಡು ಯಾತಕ್ಕೆ? ಕಣ್ಣು ಎರಡಿದ್ರೂ ನೋಡೋದು ಒಂದ್ನೇ ತಾನೆ."

"ಡಾಸ್ ಹಳೇದು ಮಾವ. ಈಗ ಯಾರೂ ಇಟ್ಕೊಳಲ್ಲ."

"ಅದ್ರ ಮುಂದೆ ಕೂರೋನು ನಾನೋ, ಆ ಯಾರೂನೋ?"

ಕಿವಿಗೆ ಹಾಕಿಕೊಳ್ಳಲಿಲ್ಲ. ವಿಂಡೋಸನ್ನೇ ಹಾಕಿಸಿ ತಂದೆ. ಮುದುಕರಿಗೆ ಏನು ಗೊತ್ತು ಎನ್ನುವ ಕೊಬ್ಬು. ಮಾವನ ಬೆರಳಿಗೆ ಮೌಸು ಬಗ್ಗಲಿಲ್ಲ. ಬಾಣದ ಗುರುತು ಪರದೆಯ ಮೂಲೆಗೆ ಹೋಗಿ ಅವಿತುಕೊಳ್ಳುತ್ತಿತ್ತು, ಮಾವ ತುಟಿ ಮುಂದೆ ಮಾಡಿ ಎದ್ದು ಹೋಗುತ್ತಿದ್ದರು. ಹೀಗಾಗಿ ಟೈಪು ಮಾಡುವ ಕೆಲಸ ನನಗೇ ಬಂತು. ನನಗೆ ಬೇಕಾಗಿದ್ದುದೂ ಅದೇ.

ಒಂದು ಮಧ್ಯಾಹ್ನ ಕ್ಯಾತನಹಳ್ಳಿಯಿಂದ ಒಬ್ಬ ವಿಧವೆ, ಅವಳ ಮೈದುನ ಬಂದರು. ಪಾಲುಪತ್ರ. ಸರ್ವೆ ನಂಬರು ಒಂದೇ, ಇಬ್ಬರಿಗೂ ಇಪ್ಪತ್ತಿಪ್ಪತ್ತು ಗುಂಟೆ. ನಾಲೆಯ ಪಕ್ಕದ ಗದ್ದೆ ಅವಳಿಗೆ, ಮೇಲಿನ ಒಣಭೂಮಿ ಅವನಿಗೆ ಎಂದು ಊರಿನ ಹಿರಿಯರು ತೀರ್ಮಾನಿಸಿದ್ದರು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಆ ಗದ್ದೆ ಬಿಟ್ಟರೆ ಬೇರೆ ಗತಿಯಿರಲಿಲ್ಲ. ನಾನು ಎರಡು ಕಾಗದ ಒಟ್ಟಿಗೆ ತೆರೆದು, ಇದರಿಂದ ಕತ್ತರಿಸಿ ಅದಕ್ಕೆ ಅಂಟಿಸಿ, ಕಾಲು ಗಂಟೆಯಲ್ಲಿ ಮುಗಿಸಿ ಪ್ರಿಂಟು ತೆಗೆದೆ. ಮೈದುನ ಓದು ಬಲ್ಲವನು. ನಿಧಾನವಾಗಿ ಪೂರ್ತಿ ಓದಿದ, ಇನ್ನೊಂದು ಸಲ ಓದಿದ. "ಸರಿಯಾಗದೆ," ಎಂದು ಸಹಿಗೆ ಪೆನ್ನು ತೆಗೆದ.

ಮಾವ ಎದ್ದರು. "ಬಾರವ್ವ, ಮೂಡ್ಲಕ್ಕೆ ಮುಖ ಮಾಡ್ಕೊಂಡು ನಿಂತ್ಕೊ."

"ಕಚೇರಿ ಮುಚ್ತಾರೆ ಮಾವ," ಅಂದೆ. "ಇದು ಕಂಪ್ಯೂಟರು, ತಪ್ಪಾಗಕಿಲ್ಲ."

ಅವಳು ಸೆರಗು ಹೊದ್ದು ನಿಂತಳು. "ಮೂಡ್ಲಕ್ಕೆ ನಾಲೆ ಸೋಮಿ. ಪಡುವ್ಲಕ್ಕೆ ನಮ್ ಮೈದ್ನುಂದು."

ಮಾವನ ನೇರಳೆ ಬೆರಳು ನಿಂತಿತು. ಕಾಗದದಲ್ಲಿ ಅವಳ ಪಾಲಿನ ಪೂರ್ವಕ್ಕಿದ್ದುದು ಇನ್ನೊಬ್ಬ ಪಾಲುದಾರರ ಜಮೀನು, ಪಶ್ಚಿಮಕ್ಕೆ ಗೋಮಾಳ. ನಾನು ಇಬ್ಬರ ಗಡಿಯನ್ನೂ ಅದಲುಬದಲು ಅಂಟಿಸಿದ್ದೆ. ಅವಳು ಹೆಬ್ಬೆಟ್ಟು ಒತ್ತಿದ್ದರೆ ನಾಲೆಯ ಪಕ್ಕದ ಗದ್ದೆ ಅವನದಾಗುತ್ತಿತ್ತು.

ಮಾವ ಕೂಗಾಡಲಿಲ್ಲ. "ಇವ್ಳಿಗೆ ಓದೋಕೆ ಬರಕಿಲ್ಲ. ಇವ್ನು ಓದ್ಬುಟ್ಟು ಸುಮ್ಕವ್ನೆ. ನೀನು ಓದ್ನೇ ಇಲ್ಲ," ಎಂದರು. "ಮೂರು ಜನ್ದಲ್ಲಿ ದಡ್ರು ಯಾರ್ಲಾ?"

ಮೈದುನ ನೆಲ ನೋಡಿದ. ನಾನೂ ನೋಡಿದೆ. ಅವನು ಕಳ್ಳ, ಕೊನೇಪಕ್ಷ ತನ್ನ ಕೆಲಸವನ್ನು ಗಮನವಿಟ್ಟು ಮಾಡಿದ್ದ. ನಾನು ಅದಕ್ಕಿಂತ ಕಡೆ. ಆ ಪತ್ರವನ್ನು ಮಾವ ಮಾರನೆಯ ದಿನ ಕೈಯಲ್ಲೇ ಬರೆದರು, ನಾಲೆ ಅವಳ ಮೂಡಲಕ್ಕೇ ಉಳಿಯಿತು.

ಆ ವಾರವೇ ಮೈಸೂರಿಗೆ ಹೋಗಿ ವಿಂಡೋಸ್ ತೆಗೆಸಿ, ಡಾಸ್‌ನಲ್ಲಿ ಕನ್ನಡ ಬರೆಯುವಂತೆ ಮಾಡಿಸಿಕೊಂಡು ಬಂದೆ. ಅಂಗಡಿಯವನು ನಕ್ಕ. ನಗಲಿ, ಅವನೂ ನನ್ನ ಜಾತಿಯ ಮೂರ್ಖನೇ. ಮಾವ ಕಪ್ಪು ಪರದೆಯ ಮುಂದೆ ಕೂತು, ಎರಡೇ ಬೆರಳಲ್ಲಿ, ಒಂದು ಸಲಕ್ಕೆ ಒಂದೇ ಪತ್ರ ಕುಟ್ಟತೊಡಗಿದರು. ಮೂರನೆಯ ದಿನಕ್ಕೆ ನನ್ನನ್ನು ಕರೆಯುವುದನ್ನೇ ಬಿಟ್ಟರು.

ಎರಡು ವರ್ಷಕ್ಕೆ ಮಾವನ ಎದೆ ಕೆಟ್ಟಿತು. ಆದಿಚುಂಚನಗಿರಿಯ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಪತ್ರ ಬರೆಯುವ ತಮ್ಮ ಅಂಗಡಿಯನ್ನು ನನಗೆ ಬಿಟ್ಟುಕೊಡುವ ದಾನಪತ್ರವನ್ನು ನನ್ನ ಕೈಲೇ ಟೈಪು ಮಾಡಿಸಿದರು. ಮಂಚದ ಮೇಲೆ ಒರಗಿಕೊಂಡೇ ಕಾಗದದ ಮೇಲೆ ಬೆರಳಿಟ್ಟರು.

"ಮೂಡ್ಲಕ್ಕೆ ಮುಖ ಮಾಡ್ಕೊಂಡು ನಿಂತ್ಕೊ. ಯೋಳು."

ನಿಂತೆ. ಪೂರ್ವಕ್ಕೆ ರಸ್ತೆ. ಪಶ್ಚಿಮಕ್ಕೆ ಚರಂಡಿ. ದಕ್ಷಿಣಕ್ಕೆ ಟೀ ಅಂಗಡಿ. ಉತ್ತರಕ್ಕೆ ಬಂದಾಗ ಬಾಯಿ ಕಟ್ಟಿತು. ದಿನವೂ ಹೋಗಿ ಬರುತ್ತಿದ್ದ ಜಾಗ, ಅರ್ಧ ಗಂಟೆಯ ಹಿಂದೆ ನಾನೇ ಟೈಪು ಮಾಡಿದ್ದು, ಆ ಕಡೆ ಯಾರ ಗೋಡೆಯಿದೆ ಎಂದು ನೆನಪಾಗಲಿಲ್ಲ. ಅವಮಾನವಾಯಿತು.

"ಮಾವ, ನಂಗೆ ಓದೋಕೆ ಬತ್ತದೆ," ಅಂದೆ.

ಕೆಳತುಟಿ ಮುಂದೆ ಬಂತು. ಅದೇ ಕೊನೆ ನಾನು ಅದನ್ನು ನೋಡಿದ್ದು.

"ಗೊತ್ತು ಕಣ್ಲಾ. ಅದುಕ್ಕೇ ನಿಲ್ಸಿರೋದು."