ಅವ್ವ ತಂಗಿಗೆ ‘ಏಳ್ರಿ’ ಅಂದಾಗ

ಸಿಂದಗಿಯಲ್ಲಿ ತಂಗಿ ಕಸ್ತೂರಿಯ ಮನೆಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲುಗಳು ಕಟ್ಟೆಯ ಬಳಿ ನಿಂತವು. ಅವಳ ಮೊಮ್ಮಗಳಿಗೆ ದಡಾರ ಬಂದು ಇಳಿದಿತ್ತು. ನೋಡಲೆಂದು ಇಂಡಿಯಿಂದ ಬಂದಿದ್ದೆ. ಬಸ್ಸಿನಲ್ಲೇ ಗಂಟಲು ಕೆರೆಯತೊಡಗಿ, ಇಳಿಯುವಾಗ ಸೀನು ಶುರುವಾಗಿತ್ತು.

ನೀವೂ ಅಕ್ಕತಂಗಿಯರ ನಡುವೆ ಬೆಳೆದವರಾದರೆ ನನ್ನ ಸಂಕಟ ತಿಳಿದೀತು. ನಾವು ಚಿಕ್ಕವರಿದ್ದಾಗ ದಡಾರವೆಂದರೆ ರೋಗವಲ್ಲ, ಮನೆಗೆ ಬಂದ ಅಮ್ಮ, ದೇವಿ. ಮೈಯೆಲ್ಲ ಕೆಂಪಗೆ ಎದ್ದ ಮಗುವಿಗೆ ಯಾರೂ ಏಕವಚನ ಆಡುವಂತಿಲ್ಲ. ಕಸ್ತೂರಿಗೆ ದಡಾರ ಬಂದಾಗ ಅವ್ವ ಅವಳ ಮುಂದೆ ಕೈಮುಗಿದು, “ಏಳ್ರಿ ತಾಯಿ, ಎರಡ ತುತ್ತ ಮೊಸರನ್ನ ಉಣ್ರಿ” ಅನ್ನುತ್ತಿದ್ದಳು. ನನಗೆ? “ಏ ಹುಚ್ಚಿ, ಕೊಡ ತುಂಬಿದೇನು?” ನನಗೆ ಕೈಗೂಸಾಗಿದ್ದಾಗಲೇ ದಡಾರ ಬಂದು ಹೋಗಿತ್ತಂತೆ, ಇನ್ನೊಮ್ಮೆ ಬರುವುದಿಲ್ಲವಂತೆ. ನಾನು ದೇವಿಯಾಗಿದ್ದಾಗ ನನಗೆ ಬುದ್ಧಿಯೇ ಇರಲಿಲ್ಲ. ಎಂಥ ಅನ್ಯಾಯ, ಹೇಳಿ!

ಬೇವಿನ ನೀರು ಹಾಕಿ, ಹೋಳಿಗೆ ಎಡೆ ಮಾಡಿ ದೇವಿಯನ್ನು ಕಳಿಸಿಕೊಟ್ಟರು. ಅವ್ವನ ‘ರೀ’ ಮಾತ್ರ ನಿಲ್ಲಲಿಲ್ಲ, ಬಾಯಿಗೆ ರೂಢಿಯಾಗಿತ್ತು. ಆಗ ನನಗೆ ಜೋರು ನೆಗಡಿ. “ಆಕಿ ಸನೇಕ ಹೋಗಬ್ಯಾಡ, ಮೈ ಇನ್ನಾ ಹಸೀ ಐತಿ” ಎಂದು ಅವ್ವ ಗದರಿದಳು. ಅಷ್ಟು ಸಾಕಾಯಿತು. ಅವ್ವ ನೀರಿಗೆ ಹೋದಾಗ ತಂಗಿಯ ಕೌದಿಯೊಳಗೆ ಹೊಕ್ಕು, ಬೇಕೆಂದೇ ಅವಳ ಮುಖದ ಮೇಲೆ ಕೆಮ್ಮಿದೆ. ಮೂಗು ಸೋರುವ ದೇವಿಗೆ ಯಾರು ಕೈಮುಗಿಯುತ್ತಾರೋ ನೋಡೋಣ ಎಂಬುದು ನನ್ನ ಎಣಿಕೆ.

ನನ್ನ ನೆಗಡಿ ತಾನೇ ಹೋಯಿತು. ಅವಳದು ಎದೆಗಿಳಿಯಿತು, ಕಿವಿಗೇರಿತು. ಸೋರಿ ಸೋರಿ ಎಡಗಿವಿ ಕೇಳದಂತಾಯಿತು. ದೇವಿಯ ಸೇವೆಯಲ್ಲಿ ತನ್ನಿಂದಲೇ ಏನೋ ತಪ್ಪಾಯಿತೆಂದು ಅವ್ವ ಸಾಯುವವರೆಗೂ ಗಲ್ಲ ಬಡಿದುಕೊಂಡಳು. ನಾನು ಬಾಯಿ ಬಿಡಲಿಲ್ಲ.

ಶಾಲೆಯನ್ನು ಅರ್ಧಕ್ಕೇ ಬಿಟ್ಟ ನನಗೆ ಇದರ ಒಳಗುಟ್ಟು ತಿಳಿದದ್ದು ಈಚೆಗೆ, ನಮ್ಮ ಓಣಿಗೆ ಲಸಿಕೆ ಹಾಕಲು ಬಂದ ನರ್ಸಬಾಯಿಯಿಂದ. “ದಡಾರ ಹೋದ್ರೂ ಮೈಯಾಗಿನ ಕಾವಲು ಭಾಳ ದಿನ ಸೋತಿರ್ತೈತ್ರಿ. ಹಿಂದ ಗೆದ್ದ ರೋಗದ ನೆನಪೂ ಮೈ ಮರೀತೈತಿ. ಆವಾಗ ಸಣ್ಣ ನೆಗಡಿ ಅಂಟಿದ್ರೂ ದೊಡ್ಡದಾಗ್ತೈತಿ” ಅಂದಿದ್ದಳು.

“ಅಕ್ಕಾ, ಹೊರಗ್ಯಾಕ ನಿಂತಿ? ಒಳಗ ಬಾ” ಎನ್ನುತ್ತ ಕಸ್ತೂರಿ ಬಂದಳು.

“ಒಲ್ಲೆ. ನೆಗಡಿ ಆಗೈತಿ.”

ಅವಳು ಬಲಗಿವಿ ನನ್ನ ಕಡೆ ಮಾಡಿ ಕಟ್ಟೆಯ ಆ ತುದಿಗೆ ಕುಳಿತಳು. ಕೌದಿಯ ಸಂಗತಿಯನ್ನೆಲ್ಲ ಹೇಳಿಬಿಟ್ಟೆ.

“ನೀ ಬೇಕಂತ ಕೆಮ್ಮಿದ್ದು ನನಗ ಗೊತ್ತಿತ್ತು” ಎಂದಳು. “ಅವ್ವಗ ಹೇಳಿದ್ರ ನಿನ್ನ ನನ್ನಿಂದ ದೂರ ಮಲಗಸ್ತಿದ್ಲು. ಆ ‘ತಾಯಿ, ತಾಯಿ’ ಕೇಳಿ ನನಗ ಅಂಜಿಕಿ ಬರ್ತಿತ್ತವಾ, ನೀ ಮಗ್ಗಲಾಗ ಬೇಕಾಗಿತ್ತು. ನಿನಗ ಹುಚ್ಚಿ ಅಂತಿದ್ಲಲ್ಲ, ನನಗೂ ಹಂಗ ಅನ್ಲಿ ಅಂತ ಹೊಟ್ಟಿ ಉರೀತಿತ್ತು.”

ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ಇಷ್ಟು ವರ್ಷ ಬಚ್ಚಿಟ್ಟ ನನಗಿಂತ, ತಿಳಿದೂ ಸುಮ್ಮನಿದ್ದ ಇವಳೇ ದೊಡ್ಡವಳಾದಳಲ್ಲ ಎಂದು ಮತ್ತೆ ಅದೇ ಕಿಚ್ಚು.

ಒಳಗಿನಿಂದ ಮಗು “ದೊಡ್ಡಾಯಿ, ಬಾ” ಎಂದು ಕರೆಯಿತು. ಹೋಗಬೇಕೆನ್ನಿಸಿತು, ತುಂಬ ಅನ್ನಿಸಿತು. ಸೆರಗನ್ನು ಮೂಗಿಗೊತ್ತಿ, ಅಂಗಳದಿಂದಲೇ ಕೈಬೀಸಿ, ಇಂಡಿಯ ಬಸ್ಸಿಗೆ ನಡೆದೆ.